ಹೋದವರ ಮದುವೆಯ ಬಳೆ

"ಸೈಜ್ ಎಷ್ಟ್ ಹೇಳಿ," ಎಂದ ಕಿಟ್ಟ, ಬಳೆಯ ಡಬ್ಬಗಳ ಮೇಲೆ ಕೈಯಾಡಿಸುತ್ತ. "ಮದಿ ಹೆಣ್ಣಿಗೆ ಅಂದ್ರಿ ಅಲ್ದಾ?"

ಕುಂದಾಪುರದ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಫ್ಯಾನ್ಸಿ ಸ್ಟೋರಿನಲ್ಲಿ ಮೂವರು ನಿಂತರೆ ನಾಲ್ಕನೆಯವರಿಗೆ ಜಾಗವಿಲ್ಲ. ಕೌಂಟರಿನ ಎದುರಿದ್ದ ಗಂಡಸು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಗಾಳಿಯಲ್ಲಿ ಒಂದು ಸುತ್ತು ಮಾಡಿ ತೋರಿಸಿದ. ಅದರೊಳಗೆ ಒಂದು ನಿಂಬೆಹಣ್ಣು ತೂರಬಹುದಿತ್ತು, ಅಷ್ಟೆ.

"ಹ್ವಾಯ್, ಎಂತ ತಮಾಷಿ ಮಾಡ್ತ್ರ್ಯಾ? ಇದ್ ಬಾಲವಾಡಿ ಮಕ್ಕಳ್ ಹಾಕು ಬಳಿ!"

ಪಕ್ಕದಲ್ಲಿ ಕುಂಕುಮದ ಭರಣಿ ಆರಿಸುತ್ತಿದ್ದ ಜಲಜಳಿಗೆ ನಗು ಬಂದುಬಿಟ್ಟಿತು. ಬಂದ ಮೇಲೆ ತನ್ನ ನಗುವಿನ ಸದ್ದು ಕೇಳಿ ಅವಳೇ ಬೆಚ್ಚಿದಳು. ಎಷ್ಟು ಕಾಲವಾಗಿತ್ತೋ ಆ ಸದ್ದು ಕೇಳಿ.

ಅವನು ತಿರುಗಿ ನೋಡಿದ. ಬಿಸಿಲು, ಉಪ್ಪುನೀರು ಎರಡನ್ನೂ ಉಂಡ ಮುಖ. ಕಣ್ಣು ಮಾತ್ರ ಈಗಷ್ಟೇ ನಿದ್ದೆಯಿಂದ ಎದ್ದ ಮಗುವಿನದು.

"ನಗಾಡ್ಬೇಡಿ ಅಕ್ಕ," ಎಂದ ಮೆಲ್ಲಗೆ. "ನಾನ್ ಕಡೀಗ್ ಕಂಡ ಕೈ ಅಷ್ಟೇ ಇದ್ದದ್ದ್. ತಂಗಿಗೆ ಆಗ ಆರೇ ವರ್ಷ. ಬದ್ಕಿದ್ರೆ ಈಗ ಇಪ್ಪತ್ತಾರ್ ಆತಿತ್ತ್."

ಜಲಜಳ ಕೈಯಲ್ಲಿದ್ದ ಭರಣಿ ಕೌಂಟರಿನ ಮೇಲೆ ತಾನಾಗಿ ಕೂತಿತು. ಕಿಟ್ಟನಿಗೆ ಅರ್ಥವಾಗಲಿಲ್ಲ, ಅವಳಿಗೆ ಆಯಿತು.

ಮದುವೆಯಾಗದೆ ತೀರಿಹೋದವರು ಅಲ್ಲಿಯೂ ಬೆಳೆಯುತ್ತಾರೆ ಎಂಬುದು ಬ್ರಹ್ಮಾವರದ ಕಡೆಯ ಹಿರಿಯರ ನಂಬಿಕೆ. ಮಗುವಾಗಿ ಹೋದದ್ದು ಅಲ್ಲಿ ಪ್ರಾಯಕ್ಕೆ ಬರುತ್ತದೆ. ಪ್ರಾಯಕ್ಕೆ ಬಂದದ್ದು ಜೋಡಿ ಬಯಸುತ್ತದೆ. ಬಯಸಿದ್ದು ಸಿಗದಿದ್ದರೆ ಇಲ್ಲಿರುವವರ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಆಗ ಹೀಗೆಯೇ ತೀರಿಹೋದ ಬೇರೊಂದು ಮನೆಯ ಮಗುವನ್ನು ಹುಡುಕಿ, ಮಾತುಕತೆ ಮಾಡಿ, ಸೀರೆ, ಬಳೆ, ಕರಿಮಣಿ, ಊಟ ಎಲ್ಲ ಇಟ್ಟು ಇಬ್ಬರಿಗೂ ಮದುವೆ ಮಾಡುತ್ತಾರೆ. ಗಂಡು ಹೆಣ್ಣು ಇಬ್ಬರೂ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಬಿಟ್ಟರೆ ಉಳಿದದ್ದೆಲ್ಲ ಮದುವೆಯೇ.

"ನೀವ್ ಕಿರಿಮಂಜೇಶ್ವರದವ್ರಾ? ಸೌಜನ್ಯದ ಅಣ್ಣ?" ಜಲಜ ಕೇಳಿದಳು.

"ಹೌದ್. ನಾಗ ಅಂದೇಳಿ. ನೀವ್?"

"ಗಂಡಿನ ಕಡಿಯವಳ್."

ಅವನ ನೋಟ ಅವಳ ಬಲಗೈಯ ಉಂಗುರಕ್ಕೆ ಹೋಗಿ ಮರ್ಯಾದೆಯಿಂದ ಹಿಂದೆ ಬಂತು. ಯಾರದೋ ಹೆಂಡತಿ, ಗಂಡಿನ ಅತ್ತಿಗೆಯೋ ಏನೋ ಎಂದು ಅಂದಾಜು ಮಾಡಿದ್ದು ಮುಖದಲ್ಲೇ ಕಾಣುತ್ತಿತ್ತು. ಜಲಜ ತಿದ್ದಲಿಲ್ಲ. ತಿದ್ದುವುದಾದರೂ ಏನೆಂದು? ತಾನು ಯಾರು ಎಂಬುದಕ್ಕೆ ಅವಳ ಬಳಿಯೇ ಒಂದು ನೆಟ್ಟಗಿನ ಉತ್ತರ ಇರಲಿಲ್ಲ.

ಬದಲಿಗೆ ಎಡಗೈಯನ್ನು ಕೌಂಟರಿನ ಮೇಲಿಟ್ಟಳು. "ನನ್ನ ಕೈಗೆ ಹಾಕಿ ಕಾಣಿ. ಪ್ರಾಯ ಹೆಚ್ಚುಕಡಿಮಿ ಅದೇ."

ಕಿಟ್ಟ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಏರಿಸಿದ. ನಾಗ ಬೇರೆ ಕಡೆ ನೋಡಲು ಯತ್ನಿಸಿದ. ಆದರೆ ಆ ಅಂಗಡಿಯಲ್ಲಿ ಬೇರೆ ಕಡೆ ಎನ್ನುವುದೇ ಇರಲಿಲ್ಲ. ಮೂರೂ ಗೋಡೆಗೆ ಕನ್ನಡಿ. ಪ್ರತಿ ಕನ್ನಡಿಯಲ್ಲೂ ಅವಳ ಕೈ, ಪ್ರತಿ ಕೈಯಲ್ಲೂ ಬಳೆ. ಬೆರಳ ಗಂಟಿನ ಹತ್ತಿರ ಒಂದು ಬಳೆ ತಡೆದು ನಿಂತಾಗ ಅವನ ಹುಬ್ಬು ಗಂಟಿಕ್ಕಿತು.

"ನೋವಾತಿತ್ತಾ ಅಕ್ಕ?"

"ನಂಗಲ್ಲ, ನಿಮ್ಗೇ ಆದ ಹಾಂಗೆ ಕಾಣತ್ತ್," ಎಂದಳು ಜಲಜ. ಹೇಳಿ ನಾಲಗೆ ಕಚ್ಚಿಕೊಂಡಳು.

ಅವನ ಕಿವಿ ಕೆಂಪಾಯಿತು. ಕಿಟ್ಟ ಎರಡು ಡಜನ್ ಬಳೆಯನ್ನು ಕಾಗದದಲ್ಲಿ ಸುತ್ತಿದ. ನಾಗ ಹೊರಟವನು ಮತ್ತೆ ನಿಂತ.

"ಆ ಸಣ್ಣದೂ ಕೊಡಿ."

"ಅದ್ಯಾರಿಗೆ ಮರಾಯ್ರೆ?"

"ಇರ್ಲಿ."

*

ಹಂಗಾರಕಟ್ಟೆಯ ಮುತ್ತಕ್ಕನ ಮಗ ಗುಣಪಾಲನಿಗೂ ಜಲಜಳಿಗೂ ನಿಶ್ಚಯವಾದದ್ದು ಎರಡು ಸಾವಿರದ ಒಂದನೆಯ ಇಸವಿಯ ಬೇಸಗೆಯಲ್ಲಿ. ಆಗ ಅವಳಿಗೆ ಇಪ್ಪತ್ತು. ಅವನು ತೊಡಿಸಿದ ಉಂಗುರ ಸಡಿಲಾಗಿ ಜಾರುತ್ತಿತ್ತೆಂದು ಒಳಬದಿಗೆ ದಾರ ಸುತ್ತಿಕೊಂಡಿದ್ದಳು. ಮಳೆಗಾಲ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಮಳೆಗಾಲ ಕಳೆದು ಮೊದಲ ಸಲ ದೋಣಿ ಇಳಿಸಿದ ದಿನ ಅಳಿವೆಯ ಬಾಯಲ್ಲಿ ತೆರೆ ಎದ್ದು ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಗುಣಪಾಲನನ್ನು ಮರುದಿನ ಕಡಲೇ ತಂದು ದಡಕ್ಕೆ ಹಾಕಿತು.

ಮುತ್ತಕ್ಕನಿಗೆ ಗಂಡ ಇರಲಿಲ್ಲ, ಬೇರೆ ಮಕ್ಕಳಿರಲಿಲ್ಲ. ಜಲಜ ಮೊದಮೊದಲು ಸಂಜೆ ಹೋಗಿ ಕೂತು ಬರುತ್ತಿದ್ದಳು. ಆಮೇಲೆ ಬೆಳಿಗ್ಗೆ ಹೋಗಿ ಗಂಜಿ ಬೇಯಿಸತೊಡಗಿದಳು. ಆಮೇಲೆ ಹೊಲಿಗೆ ಮಿಷನ್ನೂ ಆ ಮನೆಯ ಜಗಲಿಗೇ ಬಂತು. ಮದುವೆಯಾಗದೆ ಸೊಸೆಯಾದಳು, ಗಂಡನಿಲ್ಲದೆ ಗಂಡನ ಮನೆ ಸೇರಿದಳು. ತನ್ನ ಮನೆಗೆ ಹೋಗುತ್ತಿದ್ದದ್ದು ರಾತ್ರಿ ಮಲಗಲು ಮಾತ್ರ. ಯಾರೂ ಅವಳನ್ನು ಕಟ್ಟಿಹಾಕಲಿಲ್ಲ. ಬಾಗಿಲು ಯಾವಾಗಲೂ ತೆರೆದೇ ಇತ್ತು. ಆದರೆ ಮುತ್ತಕ್ಕ ಮಧ್ಯಾಹ್ನ ಮಗನ ಹೆಸರಿನಲ್ಲೂ ಒಂದು ಬಟ್ಟಲು ಇಟ್ಟು "ಬಡ್ಸ್ ಹೆಣೆ" ಎಂದು ಅವಳಿಗೆ ಹೇಳುವಾಗ, ಆ ತೆರೆದ ಬಾಗಿಲಿಗೆ ಬೆನ್ನು ಹಾಕಿ ಬಡಿಸದೆ ಇರುವುದು ಹೇಗೆ?

ನಡುವೆ ಸಂಬಂಧಗಳು ಬಂದವು. ಒಂದು ಕಡೆಯವರ ಕಾರು ಬಾರ್ಕೂರಿನ ತಿರುವಿನಲ್ಲಿ ಕೆಟ್ಟು ನಿಂತಿತು. ಶಕುನ ಸರಿಯಿಲ್ಲವೆಂದು ಹಿಂದೆ ಹೋದರು. ಇನ್ನೊಬ್ಬ ಹುಡುಗ ನೋಡಲು ಬರುವ ಮುಂಚಿನ ದಿನವೇ ಜ್ವರ ಬಂದು ಮಲಗಿದ. ಆಮೇಲೆ ಊರಿಗೆ ಊರೇ ದನಿ ತಗ್ಗಿಸಿ ಒಂದೇ ಮಾತು ಹೇಳಿತು: ಗುಣಪಾಲ ಬಿಡ್ತಿಲ್ಲ ಅಂಬ್ರ್.

ತಂಗಿ ಚಂದನಾ ಮಾತ್ರ ಬೇರೆ ಹೇಳುತ್ತಿದ್ದಳು. ಕುಂದಾಪುರದಲ್ಲಿ ಬಿ.ಕಾಂ. ಓದುತ್ತಿದ್ದವಳು, ಕೈಯಲ್ಲಿ ಹೊಸ ಮೊಬೈಲ್, ಬಾಯಲ್ಲಿ ಹೊಸ ಮಾತು.

"ಅಕ್ಕಾ, ಮೂವ್ ಆನ್ ಆಯ್ಕ್ ಮರಾಯ್ತಿ! ಎಷ್ಟ್ ವರ್ಷ ಹೀಂಗೇ?"

ಅದು ಅವಳೊಬ್ಬಳ ಮಾತಾಗಿ ಉಳಿಯಲಿಲ್ಲ. ಸ್ವಸಹಾಯ ಸಂಘಕ್ಕೆ ಬರುವ ಮೇಡಂ ಬೆನ್ನು ತಟ್ಟಿ ಅದನ್ನೇ ಹೇಳಿದರು. ರವಿಕೆ ಹೊಲಿಸಲು ಬಂದ ಟೀಚರೂ ಅಳತೆ ಕೊಡುತ್ತ ಅದನ್ನೇ ಅಂದರು. ಎಲ್ಲರೂ ಎಷ್ಟು ಸಲೀಸಾಗಿ ಹೇಳುತ್ತಾರೆ, ಪಕ್ಕದ ಕುರ್ಚಿಗೆ ಸರಿದು ಕೂತುಕೋ ಎಂದ ಹಾಗೆ. ದೇವರ ಮುಂದೆ ದೀಪ ಹಚ್ಚುವಾಗ ಜಲಜ ಆ ಮಾತನ್ನು ಒಂದೆರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದಳು. ದೀಪ ಸುಮ್ಮನೆ ಉರಿಯಿತು.

ಈ ವರ್ಷ ಮುತ್ತಕ್ಕನ ಮೊಣಕಾಲು ಪೂರ್ತಿ ಹಿಡಿದುಕೊಂಡಾಗ ದುಗ್ಗಪ್ಪಣ್ಣ ಜೋಯಿಸರ ಬಳಿ ಪ್ರಶ್ನೆ ಕೇಳಿ ಬಂದರು. ಊರಿನ ನ್ಯಾಯ, ನಿಶ್ಚಯ, ಸೂತಕ ಎಲ್ಲಕ್ಕೂ ಮುಂದೆ ನಿಲ್ಲುವ ಹಿರಿಯರು ಅವರು. ಗುಣಪಾಲನಿಗೆ ಈ ಆಸಾಡಿಯಲ್ಲಿ, ಅಂದರೆ ಆಷಾಢದಲ್ಲಿ, ಮದುವೆ ಮಾಡಬೇಕು ಎಂದಾಯಿತು. ಕಿರಿಮಂಜೇಶ್ವರದಲ್ಲಿ ಹೆಣ್ಣೂ ಸಿಕ್ಕಿತು.

"ಒಂದ್ ಸಂಗ್ತಿ ಇತ್ತ್," ಎಂದಿದ್ದರು ದುಗ್ಗಪ್ಪಣ್ಣ, ಜಲಜಳ ಮುಖ ನೋಡದೆ. "ಗಂಡ್ ಒಬ್ಬಳಿಗೆ ಉಂಗ್ರ ಹಾಕಿ ಇನ್ನೊಬ್ಬಳಿಗೆ ಕರಿಮಣಿ ಕಟ್ಟುಕಾಗ. ಆ ಉಂಗ್ರ ಹೆಣ್ಣ್ ಕೂಕಂಬ ಮಣಿ ಮೇಲ್ ಇಡ್ಕ್."

ಜಲಜಳಿಗೆ ಮೊದಲು ಬಂದದ್ದು ದುಃಖವಲ್ಲ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಿಟ್ಟು. ಇಷ್ಟು ವರ್ಷ ಎಲ್ಲರೂ ಅವಳಿಗೆ ಹೇಳಿದ್ದನ್ನು ಸತ್ತವನು ಮಾಡಿಕೊಂಡುಬಿಟ್ಟ! ಮದುಮಗಳ ರವಿಕೆ ಹೊಲಿಯುವ ಕೆಲಸವೂ ಅವಳ ಪಾಲಿಗೇ ಬಂತು. ಅಳತೆ? ಅವಳದೇ.

*

ನಾಗ ಎರಡನೆಯ ಸಲ ಸಿಕ್ಕಿದ್ದು ಮುತ್ತಕ್ಕನ ಜಗಲಿಯಲ್ಲಿ. ಮದುವೆಯ ದಿನ ನಿಗದಿ ಮಾಡಲು ಬಂದಿದ್ದ. ದುಗ್ಗಪ್ಪಣ್ಣನೂ ಮುತ್ತಕ್ಕನೂ ಒಳಗೆ ಪಂಚಾಂಗ ಬಿಡಿಸಿ ಕೂತಿದ್ದರು. ಜಲಜ ಬೆಲ್ಲ, ನೀರು ತಂದಾಗ ಅವನು ನೋಡುತ್ತಿದ್ದದ್ದು ಮಾಡಿನಿಂದ ಇಳಿಬಿದ್ದ ಬಲೆಯನ್ನು. ಗುಣಪಾಲನ ಬಲೆ. ಯಾರೂ ಮುಟ್ಟದೆ ಧೂಳು ಹಿಡಿದಿತ್ತು, ಇಲಿ ಅಲ್ಲಲ್ಲಿ ಕಡಿದಿತ್ತು.

ಅವನಿಗೇ ತಿಳಿಯದ ಹಾಗೆ ಅವನ ಬೆರಳು ಕಡಿದ ಕಣ್ಣುಗಳನ್ನು ಹುಡುಕುತ್ತಿತ್ತು. ಜೇಬಿನಿಂದ ನೈಲಾನ್ ನೂಲಿನ ಉಂಡೆ ಹೊರಗೆ ಬಂತು. ಒಂದು ಗಂಟು, ಎರಡು ಗಂಟು.

"ಹ್ವಾಯ್! ಅದ್ ಮುಟ್ಬೇಡಿ!"

ಅವನು ಕಳ್ಳತನದಲ್ಲಿ ಸಿಕ್ಕಿದವನಂತೆ ಕೈ ಹಿಂದೆಗೆದ. "ತಪ್ಪಾಯ್ತ್ ಅಕ್ಕ. ಬಲಿ ಕಟ್ಟುದೇ ನನ್ನ ಕೆಲ್ಸ. ತೂತ್ ಕಂಡ್ರೆ ಕೈ ಸುಮ್ನೆ ಕೂಕಂತಿಲ್ಲ."

ಒಳಗಿನಿಂದ ಮುತ್ತಕ್ಕನ ದನಿ ಬಂತು: "ಕಟ್ಲಿ ಬಿಡ್ ಹೆಣೆ. ಮಗನ ಭಾವ ಅಲ್ದಾ ಈಗ."

ಅವನು ಮತ್ತೆ ಕಟ್ಟತೊಡಗಿದ. ಜಲಜ ಮಿಷನ್ನಿನ ಮುಂದೆ ಕೂತಳು. ಕೆಂಪು ರವಿಕೆಯ ತೋಳು ಸೂಜಿಯ ಕೆಳಗೆ ಓಡಿತು. ಅವನ ಗಂಟಿಗೂ ಅವಳ ಹೊಲಿಗೆಗೂ ಒಂದೇ ತಾಳ ಬಂದಾಗ ಇಬ್ಬರೂ ಒಂದೇ ಸಲ ನಿಲ್ಲಿಸಿದರು.

"ನಿಮ್ ಯಜಮಾನ್ರ್ ಕಾಂತಿಲ್ಲ, ಎಲ್ಲಿಗ್ ಹೋಯ್ರ್?" ಎಂದು ಕೇಳಿದ.

"ಅವ್ರದ್ದೇ ಮದಿ."

"ಆಂ?"

"ನಂಗೆ ಉಂಗ್ರ ಹಾಕಿದವ್ರೇ ನಿಮ್ ತಂಗಿನ್ನ ಮದಿ ಆತಿಪ್ದ್."

ಅವನ ಕೈಯಿಂದ ನೂಲಿನ ಉಂಡೆ ಉರುಳಿ ಅಂಗಳಕ್ಕೆ ಹೋಯಿತು. ಎದ್ದು ಹೋಗಿ ತಂದ. ತಂದು, ಬಲೆಯ ಹಿಂದೆಯೇ ನಿಂತು, ಅದರ ಕಣ್ಣುಗಳ ನಡುವಿನಿಂದ ಅವಳನ್ನು ನೋಡಿದ.

"ದೇವ್ರೇ. ನಮ್ ಸೌಜನ್ಯಕ್ಕೆ ಸವತಿ ಇದ್ದ ವಿಷಯ ದುಗ್ಗಪ್ಪಣ್ಣ ಹೇಳ್ಳೇ ಇಲ್ಲ!"

ಜಲಜ ನಕ್ಕಳು. ಈ ಸಲ ಬೆಚ್ಚಲಿಲ್ಲ. "ಕರ್ಕಂಡ್ ಹೋಯ್ಲಿ ಬಿಡಿ. ನಾನ್ ಜಗಳ ಮಾಡ್ತಿಲ್ಲೆ."

"ಹಂಗಾರೆ ನಾನ್ ಅಕ್ಕ ಅಂದದ್ದೆಲ್ಲ ವಾಪಸ್ ತಕಂತೆ."

"ಎಂತಕೆ? ಅಕ್ಕ ಅನ್ಸ್ಕಂಬಷ್ಟ್ ಪ್ರಾಯ ಕಾಂತಿಲ್ಲಾ ನಂಗೆ?"

"ಅದಕ್ಕಲ್ಲ," ಎಂದ ನಾಗ. ಮುಂದೆ ಹೇಳಲಿಲ್ಲ. ಬಲೆಯ ಕಣ್ಣೊಂದನ್ನು ಬಹಳ ಶ್ರದ್ಧೆಯಿಂದ ಬಿಗಿದ. ಅದು ಹರಿದ ಕಣ್ಣೇ ಆಗಿರಲಿಲ್ಲ.

ಆಮೇಲೆ ಅವನು ಬರಲು ಕಾರಣಗಳು ಸಿಗುತ್ತಲೇ ಹೋದವು. ಹೆಣ್ಣಿನ ಕಡೆಯಿಂದ ಕನ್ನಡಿ ತರಬೇಕೇ, ಬಾಚಣಿಗೆ ತರಬೇಕೇ? ಕೇಳಿ ಹೋಗಲು ಬಂದ. ಎರಡೂ ತರಬೇಕೆಂದಾಗ ತಂದುಕೊಡಲು ಬಂದ. ಕಡಲಿಗೆ ಯಾರೂ ಇಳಿಯದ ಕಾಲ, ದೋಣಿಗಳೆಲ್ಲ ತೆಂಗಿನ ಗರಿ ಹೊದ್ದು ದಡದಲ್ಲಿ ಮಲಗಿದ್ದ ಕಾಲ. ಬಲೆ ಕಟ್ಟುವವನಿಗೆ ಕೈತುಂಬ ಕೆಲಸವಿರಬೇಕಾದ ಕಾಲವೂ ಹೌದು. ಆ ಪ್ರಶ್ನೆಯನ್ನು ಜಲಜ ಕೇಳಲಿಲ್ಲ.

ಒಂದು ಮಧ್ಯಾಹ್ನ ಚಂದನಾ ಬಂದು ಮೊಬೈಲಿನಲ್ಲಿ ಇಬ್ಬರ ಫೋಟೋ ತೆಗೆಯಲು ನೋಡಿ, ಅಕ್ಕನಿಂದ ಬೈಸಿಕೊಂಡು, "ನಿಂಗೆ ಮೂವ್ ಆನ್ ಆಪ್ಕೇ ಗೊತ್ತಿಲ್ಲ" ಎಂದು ಓಡಿಹೋದಳು.

"ಹಂಗಂದ್ರೆ ಎಂತ?" ನಾಗ ಕೇಳಿದ.

"ಆದದ್ದನ್ನ ಬಿಟ್ಟ್ ಮುಂದೆ ಹೋಯ್ಕ್ ಅಂಬ್ರ್."

"ಎಲ್ಲಿಗಂಬ್ರ್?"

"ಅದ್ ಯಾರೂ ಹೇಳುದಿಲ್ಲ."

ಅವನು ತಲೆಯಾಡಿಸಿದ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಒಂದು ಉಪದೇಶ ಬಂದಿರುತ್ತಿತ್ತು. ಅದು ಬರಲಿಲ್ಲವೆಂದೇ ಇರಬೇಕು, ಯಾರಿಗೂ ಹೇಳದ ಮಾತು ಜಲಜಳ ಬಾಯಿಂದ ಹೊರಬಂತು.

"ನಂಗೆ ಅವ್ರ್ ದನಿ ನೆನ್ಪಿಲ್ಲ," ಎಂದಳು, ಒಳಗೆ ಕೇಳದ ಹಾಗೆ. "ಊರೆಲ್ಲ ನಾನ್ ಅವ್ರನ್ನ ಮರೀತಿಲ್ಲೆ ಅಂತ್ರ್. ನಂಗೆ ಮುಖವೂ ಆ ಗೋಡಿ ಫೋಟೋ ಕಂಡೇ ನೆನ್ಪಾಪ್ದ್. ನಾಕ್ ಮಾತ್ ಆಡಿದ್ದಿಲ್ಲ ನಾವ್. ಅಳುಕೂ ಬತ್ತಿಲ್ಲ, ಬಿಟ್ಟ್ ಹೋಪುಕೂ ಆತಿಲ್ಲ. ಅತ್ತಿ ಕಿವಿಗೆ ಬಿದ್ರೆ ಎದಿ ಒಡ್ಕಂತ್ರ್."

ನಾಗ ಬಲೆಯ ಮೇಲಿದ್ದ ಕೈ ಇಳಿಸಿದ.

"ಸೌಜನ್ಯದ ಮುಖ ನಂಗೂ ಮರ್ತ್ ಹೋಯಿತ್ತ್," ಎಂದ. "ಫೋಟೋ ಒಂದೂ ಇಲ್ಲ. ಜ್ವರ ಬಂದ ರಾತ್ರಿ ನನ್ನ ಬೆರಳ್ ಹಿಡ್ಕಂಡೇ ಮಲ್ಗಿತ್ತ್. ಆ ಕೈ ಒಂದ್ ಗೊತ್ತಿತ್ತ್ ನಂಗೆ. ಅದಕ್ಕೇ ಬಳಿ ಸೈಜ್ ತಪ್ಪಿದ್ದ್."

ಇಬ್ಬರೂ ಅಂಗಳದಾಚೆಯ ಹೊಳೆಯ ಕಡೆ ನೋಡಿದರು. ಇಳಿತದ ಹೊತ್ತು. ನೀರು ಸದ್ದಿಲ್ಲದೆ ಕಡಲಿಗೆ ಹೋಗುತ್ತಿತ್ತು.

*

ಮದುವೆ ಒಂದು ಮಂಗಳವಾರ, ದೀಪ ಹಚ್ಚುವ ಹೊತ್ತಿಗೆ.

ಮುತ್ತಕ್ಕನ ನಡುಮನೆಯಲ್ಲಿ ಎರಡು ಮಣೆ. ಒಂದರ ಮೇಲೆ ಬಿಳಿ ಪಂಚೆ, ಶಾಲು, ಮುಂಡಾಸು, ನಡುವೆ ಒಂದು ತೆಂಗಿನಕಾಯಿ. ಇನ್ನೊಂದರ ಮೇಲೆ ಕೆಂಪು ಸೀರೆ, ಜಲಜ ಹೊಲಿದ ರವಿಕೆ, ಹಸಿರು ಬಳೆ, ಅಬ್ಬಲಿಗೆ ಹೂವಿನ ದಂಡೆ. ಹೆಣ್ಣಿನ ಕಡೆಯವರು ನಾಲ್ಕೇ ಜನ. ನಾಗನ ತಾಯಿ ಖಾಲಿ ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದರು, ಮಗಳು ಕೂತಲ್ಲೇ ಮಿಸುಕಾಡುತ್ತಿದ್ದಾಳೆ ಎಂಬಂತೆ.

"ಉಂಗ್ರ ತಕಂಬನ್ನಿ," ಎಂದರು ದುಗ್ಗಪ್ಪಣ್ಣ.

ಜಲಜ ಮುಂದೆ ಬಂದು ಬೆರಳಿಗೆ ಕೈ ಹಾಕಿದಳು. ಉಂಗುರ ಗಂಟಿನ ತನಕ ಬಂತು, ನಿಂತಿತು.

ಒಮ್ಮೆ ಸಡಿಲಾಗಿ ದಾರ ಸುತ್ತಿಸಿಕೊಂಡಿದ್ದ ಉಂಗುರ ಅದು. ಅವಳು ಎಳೆದಳು. ತಿರುಗಿಸಿದಳು. ಯಾರೋ ತೆಂಗಿನೆಣ್ಣೆ ತಂದರು. ಚಂದನಾ ಸಾಬೂನು ತಂದಳು. ಇಬ್ಬರು ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಎಳೆದರು. ಬೆರಳು ಕೆಂಪಾಗಿ ಊದಿಕೊಂಡಿತು, ಉಂಗುರ ಇನ್ನಷ್ಟು ಕಚ್ಚಿ ಹಿಡಿಯಿತು.

ನಡುಮನೆಯಲ್ಲಿ ಪಿಸುಮಾತು ಹಬ್ಬಿತು. ಅದು ಏನೆಂದು ಜಲಜ ಕೇಳಿಸಿಕೊಳ್ಳಬೇಕಾಗಿರಲಿಲ್ಲ.

"ಕತ್ತರಿಸ್ವನಾ?" ಎಂದರು ದುಗ್ಗಪ್ಪಣ್ಣ.

"ಬ್ಯಾಡ!" ಮುತ್ತಕ್ಕ ಗೋಡೆ ಹಿಡಿದು ಎದ್ದು ನಿಂತಳು. "ಕತ್ತರಿಸುದ್ ಅಪಶಕುನ. ಬತ್ತಿಲ್ಲ ಅಂದ್ರೆ ಅವ್ನಿಗೆ ಮನಸ್ಸಿಲ್ಲ. ನನ್ನ ಮಗನಿಗೆ ಜಲಜನ್ನ ಬಿಡುಕೆ ಮನಸ್ಸಿಲ್ಲ. ಬಿಟ್ಬಿಡಿ ದುಗ್ಗಪ್ಪಣ್ಣ. ಹೀಂಗೇ ಇರ್ಲಿ."

ಹೀಗೇ ಇರಲಿ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಒಂದು ಖಾಲಿ ಬಟ್ಟಲು, ಸಂಜೆ ದೀಪ. ಈ ನಾಲ್ಕು ಗೋಡೆ, ಗೋಡೆಯ ಮೇಲೆ ಮಾಸುತ್ತಿರುವ ಒಂದು ಫೋಟೋ, ಅದರ ಕೆಳಗೆ ಮಾಸುತ್ತ ಹೋಗುವ ತಾನು. ಎಲ್ಲರ ಕಣ್ಣೂ ಅವಳ ಬೆರಳ ಮೇಲಿತ್ತು. ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಮೊದಲಿನ ಹಾಗೆ ಮುಂದುವರಿಯುತ್ತಿತ್ತು. ಇಷ್ಟು ವರ್ಷ ಅವಳು ಮಾಡಿದ್ದೂ ಅದನ್ನೇ.

"ಅತ್ತಿ," ಎಂದಳು. "ಅವ್ರ್ ಹಿಡ್ಕಂಡದ್ದಲ್ಲ. ನನ್ನ ಬೆರಳ್ ದಪ್ಪ ಆಯ್ತ್, ಅಷ್ಟೇ. ನಿಮ್ ಕೈ ಅನ್ನ ಉಂಡ್ ಆದದ್ದ್." ಊದಿದ ಬೆರಳನ್ನು ಮುಂದೆ ಚಾಚಿದಳು. "ಅವ್ರ್ ಮನಸ್ಸ್ ನಂಗ್ ಗೊತ್ತಿಲ್ಲ. ನನ್ನ ಮನಸ್ಸ್ ಗೊತ್ತಿತ್ತ್. ನಂಗೆ ಇದ್ ತೆಗಿಕ್."

ಮುತ್ತಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಹೆಣ್ಣಿನ ಕಡೆಯಿಂದ ನಾಗ ಎದ್ದ. ನೇರ ಮುತ್ತಕ್ಕನ ಹತ್ತಿರ ಹೋಗಿ ಕೈ ಮುಗಿದ.

"ಕತ್ತರಿಸ್ತಿಲ್ಲೆ ಅಮ್ಮ. ಎಳೂದೂ ಇಲ್ಲ. ದೋಣಿಯಗೆ ಕೈ ಊದ್ಕಂಡ್ರೆ ನಾವ್ ಉಂಗ್ರ ನೂಲ್ ಸುತ್ತಿ ತೆಗೂದ್. ನೀವ್ ಹೂಂ ಅಂದ್ರೆ ಮಾತ್ರ."

ಮುತ್ತಕ್ಕ ಮಗನ ಫೋಟೋ ನೋಡಿದಳು. ಬಾಗಿಲಾಚೆ ಜಗಲಿಯ ಮಾಡಿನಿಂದ ಇಳಿಬಿದ್ದ, ಈಗ ಒಂದು ತೂತೂ ಇಲ್ಲದ ಬಲೆ ನೋಡಿದಳು. ಕೊನೆಗೆ ಜಲಜಳ ಊದಿದ ಬೆರಳು ನೋಡಿದಳು.

"ಹೂಂ," ಎಂದಳು. ಆ ಒಂದು ಅಕ್ಷರಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು.

ನಾಗ ಜೇಬಿನಿಂದ ನೂಲು ತೆಗೆದ. ಜಲಜಳ ಕೈಯನ್ನು ತನ್ನ ಅಂಗೈ ಮೇಲೆ ಇರಿಸಿಕೊಂಡ, ಒದ್ದೆ ರೆಕ್ಕೆಯ ಹಕ್ಕಿಮರಿ ಇರಿಸಿಕೊಂಡ ಹಾಗೆ. ನೂಲಿನ ತುದಿಯನ್ನು ಉಂಗುರದ ಅಡಿಯಿಂದ ತೂರಿಸಿದ. ಉಳಿದದ್ದನ್ನು ಉಂಗುರದ ಮುಂದಿನಿಂದ ಶುರುಮಾಡಿ ಬೆರಳಿಗೆ ಸುತ್ತತೊಡಗಿದ. ಒಂದರ ಪಕ್ಕಕ್ಕೆ ಒಂದು, ನಡುವೆ ಕೂದಲೆಳೆಯಷ್ಟೂ ಜಾಗ ಬಿಡದೆ, ಗಂಟು ದಾಟುವ ತನಕ.

"ಬಿಗಿ ಆಯ್ತಾ?" ಅವಳಿಗಷ್ಟೇ ಕೇಳುವ ಹಾಗೆ ಕೇಳಿದ.

"ಹೂಂ."

"ಒಂಚೂರ್ ತಡ್ಕಣಿ. ಬಿಗಿ ಆದ್ರೇ ದಾರಿ ಆಪ್ದ್."

"ಊರವ್ರೆಲ್ಲ ಕಾಂತಿದ್ರ್."

"ಕಾಣ್ಲಿ. ನಂಗೆ ಮದಿ ಮನಿ ಕೆಲ್ಸ ಕೊಟ್ಟದ್ದ್."

ಅವಳ ತುಟಿಯಂಚು ನಡುಗಿತು. ಅಳುವೋ ನಗುವೋ, ಅವನಿಗೊಬ್ಬನಿಗೇ ಕಂಡದ್ದು. ಅವನು ಉಂಗುರದ ಅಡಿಯಿಂದ ಬಂದಿದ್ದ ತುದಿಯನ್ನು ಹಿಡಿದು ಬಿಚ್ಚುತ್ತ ಬಂದ. ಸುತ್ತು ಬಿಚ್ಚಿದ ಹಾಗೆ ಉಂಗುರ ಅದರ ಹಿಂದೆ ಹಿಂದೆ ಸರಿಯಿತು, ಒಂದು ಎಳೆ, ಇನ್ನೊಂದು ಎಳೆ. ಗಂಟಿನ ಮೇಲೆ ಒಂದು ಕ್ಷಣ ಕೂತಿತು. ಆಮೇಲೆ ಅವನ ಅಂಗೈಗೆ ಬಿತ್ತು.

ಬೆರಳ ಬುಡದಲ್ಲಿ ಬಿಸಿಲು ಕಾಣದ ಒಂದು ಬಿಳಿ ಸುತ್ತು ಉಳಿದಿತ್ತು. ಜಲಜ ಅದನ್ನೇ ನೋಡುತ್ತ ನಿಂತಳು. ಅದರ ಮೇಲೆ ಗಾಳಿ ತಾಗಿತು.

ಉಂಗುರವನ್ನು ಕೆಂಪು ಸೀರೆಯ ಮೇಲೆ ಇಟ್ಟದ್ದು ಮುತ್ತಕ್ಕನೇ. ಕರಿಮಣಿ ಮುಟ್ಟಿಸಿದರು, ಅಕ್ಕಿ ಹಾಕಿದರು, ಧಾರೆ ಎರೆದರು. ನಾಗನ ತಾಯಿ ಗಟ್ಟಿಯಾಗಿ ಅತ್ತರು, ಎಲ್ಲ ಹೆಣ್ಣಿನ ತಾಯಂದಿರಂತೆಯೇ. ಎರಡು ಎಲೆ ಹಾಕಿ ಗಂಡು ಹೆಣ್ಣಿಗೆ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಂತರು. ಒಳಗಿನಿಂದ ಸದ್ದಿಲ್ಲ. ಆದರೂ ನಿಂತವರೆಲ್ಲರೂ ಕಿವಿಗೊಟ್ಟಿದ್ದರು. ದೇವರೇ, ಇಬ್ಬರೂ ಸುಖವಾಗಿರಲಿ ಎಂದು ಜಲಜ ಕೈ ಮುಗಿದಳು. ಅಷ್ಟು ವರ್ಷಗಳಲ್ಲಿ ಅವಳು ಗುಣಪಾಲನಿಗಾಗಿ ಮನಸಾರೆ ಬೇಡಿದ್ದು ಅದೇ ಮೊದಲು.

*

ಮರುದಿನ ಬೆಳಿಗ್ಗೆ ಅಭ್ಯಾಸದಂತೆ ಗಂಜಿ ಬೇಯಿಸಲು ಹೋದಳು. ಒಲೆ ಆಗಲೇ ಉರಿಯುತ್ತಿತ್ತು. ಮುತ್ತಕ್ಕ ಮಣೆಯ ಮೇಲೆ ಕಾಲು ಚಾಚಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು.

"ನಾಳಿಂದ ಬೆಳಿಗ್ಗೆ ಬಪ್ದ್ ಬ್ಯಾಡ," ಎಂದಳು, ತಲೆಯೆತ್ತದೆ.

ಜಲಜ ಅವಳ ಮುಂದೆ ಕುಕ್ಕರಿಸಿದಳು. "ಎಂತಕೆ ಅತ್ತಿ? ನಿನ್ನಿ ಹೇಳಿದ್ದಕ್ಕೆ ಸಿಟ್ಟಾ?"

"ಸಿಟ್ಟಲ್ಲ. ಮನಿಗೆ ಸೊಸಿ ಬಂತಲ್ಲ. ಇನ್ನ್ ನೀನ್ ಮಗಳ್. ಮಗಳ್ ಆದವಳ್ ಹಬ್ಬಕ್ಕ್ ಬಪ್ದ್, ದಿನಾ ಬಂದ್ ಒಲಿ ಉರ್ಸುದಲ್ಲ." ಮುತ್ತಕ್ಕ ಕೈ ಒರೆಸಿಕೊಂಡು ಅವಳ ಬೆರಳ ಬಿಳಿ ಸುತ್ತನ್ನು ಸವರಿದಳು. "ನಂಗೂ ಗೊತ್ತಿತ್ತ್ ಹೆಣೆ, ಬೆರಳ್ ದಪ್ಪ ಆದದ್ದೇ ಅಂದ್. ನಿನ್ನ ಹಿಡ್ಕಂಡದ್ದ್ ಅವ ಅಲ್ಲ, ನಾನ್."

ಜಲಜ ಅವಳ ಮಡಿಲಿಗೆ ಮುಖ ಇಟ್ಟಳು. ಅಳು ಬಂತು. ಎಷ್ಟೋ ವರ್ಷದಿಂದ ಬರಬೇಕಾಗಿದ್ದದ್ದು ಒಟ್ಟಿಗೇ ಬಂತು.

"ನಿನ್ ತಂಗಿ ಹೇಳತ್ತಲ್ಲ ಒಂದ್ ಇಂಗ್ಲಿಷ್ ಮಾತ್, ಎಂತ ಅದ್?"

"ಮೂವ್ ಆನ್."

"ಹಾಂ, ಅದೇ. ನನ್ನ ಮಗ ಆದ. ನಂಗೆ ಈ ಮೊಣಕಾಲಗೆ ಆಪ್ದಲ್ಲ. ನೀನ್ ಆಯ್ಕ್." ಮುತ್ತಕ್ಕ ಅವಳ ಬೆನ್ನ ಮೇಲೆ ಮೆಲ್ಲಗೆ ಬಡಿದಳು. "ಏಳ್. ದಕ್ಕಿ ಹತ್ರ ಒಬ್ಬ ಬೆಳಿಗ್ಗಿನಿಂದ ನಿಂತಿದ್ದ. ಎರಡ್ ಬಸ್ ಬಿಟ್ಟಾಯ್ತ್. ಕಿಟಕಿಯಗೆ ಕಾಂತಿತ್ತ್ ನಂಗೆ."

ಜಲಜ ಮುಖ ತೊಳೆದು ಅಂಗಳಕ್ಕೆ ಇಳಿದಳು. ಅಂಗಳ ದಾಟಿದ ಮೇಲೆ ಕಾಲು ತಾನಾಗಿ ನಿಂತಿತು. ಈ ಹೊತ್ತಿನಲ್ಲಿ ಈ ದಾರಿಯಲ್ಲಿ ಅವಳು ಮುತ್ತಕ್ಕನ ಮನೆಯ ಕಡೆಗೆ ಬರುತ್ತಿದ್ದಳೇ ಹೊರತು ಹೋದದ್ದಿಲ್ಲ. ಯಾವ ಕಾಲು ಮುಂದಿಡಬೇಕು ಎಂಬುದೂ ಮರೆತಂತಾಗಿ, ಒಂದು ಗಳಿಗೆ ನಿಂತು, ಆಮೇಲೆ ನಡೆದಳು.

ಹೊಳೆದಂಡೆಯ ದಕ್ಕೆಯಲ್ಲಿ ಮಗುಚಿಟ್ಟ ದೋಣಿಯೊಂದಕ್ಕೆ ಒರಗಿ ನಾಗ ನಿಂತಿದ್ದ. ಅವಳನ್ನು ಕಂಡು ನೆಟ್ಟಗಾದ. ಹೇಳಬೇಕೆಂದು ಕಟ್ಟಿಕೊಂಡು ಬಂದದ್ದೆಲ್ಲ ಕೈಬಿಟ್ಟು ಹೋದದ್ದು ಮುಖದಲ್ಲೇ ಕಾಣಿಸಿತು.

"ಬಸ್ ತಪ್ತಾ?" ಎಂದಳು.

"ತಪ್ಪಿದ್ದಲ್ಲ. ತಪ್ಸಿದ್ದ್."

ಅವನು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಕೊಟ್ಟ. ಬಿಡಿಸಿದಳು. ನಿಂಬೆಹಣ್ಣು ತೂರುವಷ್ಟೇ ಸುತ್ತಿನ ಹಸಿರು ಬಳೆಗಳು, ನಾಲ್ಕು.

"ಇದ್ ನಂಗೆಂತಕೆ? ನಾಕ್ ಬೆರಳೂ ಹೋತಿಲ್ಲ ಇದ್ರಗೆ."

"ನಿಮ್ಗಲ್ಲ ಜಲಜ." ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕರೆದವನೇ ಹೊಳೆಯ ಕಡೆ ತಿರುಗಿಬಿಟ್ಟ. "ನಮ್ಮನಿಯಗೆ ಸಣ್ಣ ಬಳಿ ಶಬ್ದ ಕೇಂಡ್ ಸುಮಾರ್ ಕಾಲ ಆಯ್ತ್. ಯಾವಾಗಾರೂ, ದೇವ್ರ್ ಕಣ್ ಬಿಟ್ರೆ, ಒಂದ್ ಸಣ್ಣ ಕೈ ಬಂದ್ರೆ ಅಂದೇಳಿ. ನಿಮ್ಮತ್ರ ಇರ್ಲಿ ಅಂತ."

ಜಲಜಳಿಗೆ ಮಾತು ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಕಿವಿಯ ತನಕ ಬಿಸಿಯಾಯಿತು. ಉಬ್ಬರ ಶುರುವಾಗಿತ್ತು, ಹೊಳೆಯ ನೀರು ಈಗ ಒಳಕ್ಕೆ ಬರುತ್ತಿತ್ತು. ಅವಳು ಪುಟ್ಟ ಬಳೆಗಳನ್ನು ಅಂಗೈಯಲ್ಲಿ ಕುಲುಕಿದಳು. ಕಿಣಿಕಿಣಿ ಎಂದವು.

"ಸಣ್ಣ ಕೈ ಬಪ್ಪುಕ್ ಮುಂಚೆ," ಎಂದಳು, ತಲೆ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ, "ದೊಡ್ಡ ಕೈ ಒಂದ್ ಬರ್ಕಲ್ದಾ? ಅದಕ್ಕೆ ಬಳಿ ತಂದ್ರ್ಯಾ?"

ನಾಗ ಆಗ ತಿರುಗಿದ. ಕುಂದಾಪುರದ ಕನ್ನಡಿಗಳಲ್ಲಿ ಕದ್ದು ನೋಡಿದ್ದ ಕೈಯನ್ನು ಈಗ ಎದುರೆದುರೇ ನೋಡಿದ.

"ತರ್ಲಿಲ್ಲ," ಎಂದ. "ಆದ್ರೆ ಸೈಜ್ ಗೊತ್ತಿತ್ತ್."